ಅಡಿಗೆ ಏಳು ಮಿಲಿಮೀಟರು: ಆಟಿಕೆ ಬಂಡಿಗಳನ್ನೂ ಪ್ಲಾಟ್‌ಫಾರ್ಮಿನ ಜನರನ್ನೂ ಕೂಡಿಸಿದ ನನ್ನ ಅನುಭವ

ಹಳೆಯ ಆಟಿಕೆ ಕಾರುಗಳನ್ನು ಸಂಗ್ರಹಿಸುವವರಲ್ಲಿ ಹೆಚ್ಚಿನವರು ಕಾರುಗಳನ್ನಷ್ಟೇ ಕೊಳ್ಳುತ್ತಾರೆ. ಕಿರುರೈಲಿನ ಗೊಂಬೆಗಳನ್ನು, ಅಂದರೆ ಸ್ಟೇಷನ್ ಮಾಸ್ಟರ್, ಗಾರ್ಡ್, ಹಮಾಲಿ, ಪ್ರಯಾಣಿಕರ ಪುಟ್ಟ ಮೂರ್ತಿಗಳನ್ನು ಸಂಗ್ರಹಿಸುವವರು ಬೇರೆಯೇ ಒಂದು ಗುಂಪು. ನಾನು ಮೊದಲಿನಿಂದಲೂ ಇವೆರಡನ್ನೂ ಒಂದೇ ಕಪಾಟಿನಲ್ಲಿ, ಒಂದೇ ಲೆಕ್ಕದ ಪುಸ್ತಕದಲ್ಲಿ ಇಟ್ಟುಕೊಂಡು ಬಂದಿದ್ದೇನೆ, ಏಕೆಂದರೆ ಇವು ಹುಟ್ಟಿದ್ದೇ ಜೊತೆಯಾಗಿ. ಲಿವರ್‌ಪೂಲಿನ ಬಿನ್ಸ್ ರಸ್ತೆಯಲ್ಲಿದ್ದ ಫ್ರಾಂಕ್ ಹಾರ್ನ್‌ಬಿಯವರ ಮೆಕ್ಯಾನೋ ಕಾರ್ಖಾನೆ 1920ರಲ್ಲಿ ಆಟಿಕೆ ರೈಲುಗಳನ್ನು ಮಾರುಕಟ್ಟೆಗೆ ತಂದಿತು. 1930ರ ದಶಕದ ಆರಂಭದಲ್ಲಿ ಆ ರೈಲುಗಳ ನಿಲ್ದಾಣಗಳಲ್ಲಿ ನಿಲ್ಲಿಸಲೆಂದು ‘ಮಾಡೆಲ್ಡ್ ಮಿನಿಯೇಚರ್ಸ್’ ಎಂಬ ಹೆಸರಿನಲ್ಲಿ ಸೀಸದ ಪುಟ್ಟ ಜನರು ಬಂದರು. ಒಂದನೆಯ ಸಂಖ್ಯೆಯ ಪೆಟ್ಟಿಗೆಯಲ್ಲಿ ಇದ್ದದ್ದು ನಿಲ್ದಾಣದ ಸಿಬ್ಬಂದಿ, ಮೂರನೆಯದರಲ್ಲಿ ಪ್ರಯಾಣಿಕರು, ನಾಲ್ಕನೆಯದರಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಮೊದಲಾದ ಕೆಲಸಗಾರರು. 1933ರ ಕೊನೆಯಲ್ಲಿ ಇಪ್ಪತ್ತೆರಡನೆಯ ಸಂಖ್ಯೆಯಡಿ ಮೋಟಾರು ವಾಹನಗಳು ಸೇರಿದವು. ನಿಲ್ದಾಣದ ಹೊರಗೆ ಕಾಯುವ ಕಾರು, ಸರಕು ಒಯ್ಯುವ ಲಾರಿ ಎಂಬುದೇ ಆಗ ಅವುಗಳ ಪಾತ್ರವಾಗಿತ್ತು. 1934ರಲ್ಲಿ ಈ ಮಾಲಿಕೆಗೆ ‘ಡಿಂಕಿ ಟಾಯ್ಸ್’ ಎಂಬ ಹೆಸರು ಬಂದಿತು; ಮುಂದೆ ಕಾರುಗಳ ಕೀರ್ತಿ ರೈಲನ್ನೇ ಮೀರಿ ಬೆಳೆಯಿತು.

ಈ ಸಂಬಂಧಕ್ಕೆ ಅಳತೆಯೇ ಸಾಕ್ಷಿ. ಹಾರ್ನ್‌ಬಿಯ ‘ಓ’ ಗೇಜ್ (ಹಳಿಯ ಅಗಲದ ಒಂದು ಗಾತ್ರ) ರೈಲಿನಲ್ಲಿ ನಿಜವಾದ ಒಂದು ಅಡಿಯನ್ನು ಏಳು ಮಿಲಿಮೀಟರಿಗೆ ಇಳಿಸಲಾಗುತ್ತಿತ್ತು, ಅಂದರೆ ಸುಮಾರು 1:43. ಇಂದು ಜಗತ್ತಿನಾದ್ಯಂತ ಸಂಗ್ರಾಹಕರಿಗಾಗಿ ತಯಾರಾಗುವ ಮಾದರಿ ಕಾರುಗಳಲ್ಲಿ 1:43 ಒಂದು ಮುಖ್ಯ ಪ್ರಮಾಣವಾಗಿ ಉಳಿದಿರುವುದು ಆ ರೈಲಿನ ಕೊಡುಗೆ. ಐದು ಅಡಿ ಎಂಟು ಅಂಗುಲದ ಮನುಷ್ಯ ಈ ಲೆಕ್ಕದಲ್ಲಿ ನಲವತ್ತು ಮಿಲಿಮೀಟರು ಎತ್ತರ ನಿಲ್ಲುತ್ತಾನೆ. ನಾನು ಕೊಳ್ಳುವ ಮುನ್ನ ಕೇಳಿಕೊಳ್ಳುವ ಮೊದಲ ಪ್ರಶ್ನೆ ಇದೇ: ಈ ಗೊಂಬೆ ಈ ಕಾರಿನ ಬಾಗಿಲ ಪಕ್ಕ ನಿಂತರೆ ಒಳಗೆ ಕೂರಬಲ್ಲ ಮನುಷ್ಯನಂತೆ ಕಾಣುತ್ತದೆಯೇ? ಎಲ್ಲ ವಾಹನಗಳೂ ಈ ಪರೀಕ್ಷೆಯಲ್ಲಿ ಗೆಲ್ಲುವುದಿಲ್ಲ. ಡಿಂಕಿಯ ಎರಡಂತಸ್ತಿನ ಬಸ್ಸು ಹತ್ತು ಸೆಂಟಿಮೀಟರಿನಷ್ಟೇ ಉದ್ದವಿದೆ. ಏಳು ಮಿಲಿಮೀಟರಿನ ಲೆಕ್ಕಕ್ಕೆ ಅದು ಹದಿನೆಂಟು ಸೆಂಟಿಮೀಟರಿಗೂ ಮಿಕ್ಕಿ ಇರಬೇಕಿತ್ತು. ದೊಡ್ಡ ಲಾರಿಗಳನ್ನೂ ಹೀಗೆಯೇ ಕುಗ್ಗಿಸಿ ಎರಕ ಹೊಯ್ದಿದ್ದಾರೆ. ಆಟಿಕೆಯ ಬೆಲೆಯನ್ನು ಹುಡುಗರ ಕೈಗೆಟಕುವಂತೆ ಇಡಬೇಕಾಗಿದ್ದ ತಯಾರಕರಿಗೆ ಅದು ಅನಿವಾರ್ಯವಾಗಿತ್ತೆಂದು ನಾನು ಒಪ್ಪುತ್ತೇನೆ, ಆದರೆ ಅಂಥವನ್ನು ಕಪಾಟಿನಲ್ಲಿ ಜನರಿಂದ ದೂರ, ಹಿಂದಿನ ಸಾಲಿನಲ್ಲಿ ಇಡುತ್ತೇನೆ.

ಇಂಗ್ಲೆಂಡಿನ ಆಟಿಕೆಗಳು ಕರ್ನಾಟಕದಲ್ಲಿ ಎಲ್ಲಿ ಸಿಗುತ್ತವೆಂದು ಹಲವರು ಕೇಳುತ್ತಾರೆ. ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳ ಹಳೆಯ ಬಂಗಲೆಗಳು, ಕೋಲಾರದ ಚಿನ್ನದ ಗಣಿಯ ವಸತಿಗಳು, ಬೆಂಗಳೂರಿನ ದಂಡು ಪ್ರದೇಶ ಮತ್ತು ವೈಟ್‌ಫೀಲ್ಡಿನ ಆಂಗ್ಲೋ-ಇಂಡಿಯನ್ ಮನೆಗಳು ನನಗೆ ಮುಖ್ಯ ನೆಲೆಗಳಾಗಿವೆ. ಮನೆ ಖಾಲಿ ಮಾಡುವಾಗ ಇಂಥವು ಗುಜರಿಗೆ ಹೋಗಿ, ಅಲ್ಲಿಂದ ಚಿಕ್ಕಪೇಟೆಯ ಆಸುಪಾಸಿನ ಭಾನುವಾರದ ಸಂತೆಗೆ ಬರುತ್ತವೆ. ಸಂತೆಯಲ್ಲಿ ವಾಹನಗಳು ಸಿಗುತ್ತವೆ, ಜನರು ಸಿಗುವುದಿಲ್ಲ. ನಲವತ್ತು ಮಿಲಿಮೀಟರಿನ ಸೀಸದ ಹಮಾಲಿಯನ್ನು ಗುಜರಿಯವರು ಸೀಸದ ತೂಕಕ್ಕೆ ಹಾಕಿಬಿಡುತ್ತಾರೆ. ಆದ್ದರಿಂದ ನನ್ನ ಬಳಿಯಿರುವ ಗೊಂಬೆಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನ ಹರಾಜುಗಳಿಂದ, ಅಲ್ಲಿರುವ ಬಂಧುಗಳ ಮೂಲಕ ಬಂದವು. ವಾಹನಗಳಲ್ಲಿ ನಾನು ವಿಶೇಷವಾಗಿ ಹುಡುಕುವುದು ನಮ್ಮ ರಸ್ತೆಗಳಲ್ಲೂ ಓಡಿದವುಗಳನ್ನು. ಡಿಂಕಿ 1959ರಲ್ಲಿ ತಂದ ಟ್ರಯಂಫ್ ಹೆರಾಲ್ಡ್ ನಮ್ಮಲ್ಲಿ ಮದರಾಸಿನಲ್ಲಿ ತಯಾರಾಗಿ ಸ್ಟ್ಯಾಂಡರ್ಡ್ ಹೆರಾಲ್ಡ್ ಆಗಿ ಓಡಿತು. ಡಿಂಕಿಯ ಲೇಲ್ಯಾಂಡ್ ಕಾಮೆಟ್ ಲಾರಿಯ ದೊಡ್ಡಣ್ಣ ಅಶೋಕ್ ಲೇಲ್ಯಾಂಡಿನ ಹೆಸರಿನಲ್ಲಿ ಘಟ್ಟದ ರಸ್ತೆಗಳಲ್ಲಿ ದಶಕಗಳ ಕಾಲ ಸರಕು ಹೊತ್ತಿತು. ಅವುಗಳನ್ನು ನೋಡಿ ಬೆಳೆದ ತಲೆಮಾರಿಗೆ ಆ ಮೂತಿಯ ಗುರುತು ಹೇಳಿಕೊಡಬೇಕಾಗಿಲ್ಲ.

ವೃತ್ತಿಯಿಂದ ನಾನು ಪೀಣ್ಯದಲ್ಲಿ ಸತುವಿನ ಡೈ-ಕಾಸ್ಟಿಂಗ್, ಅಂದರೆ ಕರಗಿದ ಲೋಹವನ್ನು ಒತ್ತಡದಿಂದ ಉಕ್ಕಿನ ಅಚ್ಚಿಗೆ ತುಂಬಿ ಎರಕ ತೆಗೆಯುವ ಕೆಲಸ, ಮಾಡಿದವನು. ಆ ಕೆಲಸ ಕಲಿಸಿದ ಪಾಠವೇ ಈ ಹವ್ಯಾಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. ಬಹುತೇಕ ಡಿಂಕಿ ವಾಹನಗಳ ಲೋಹ ಸತು, ಅಲ್ಯೂಮಿನಿಯಂ, ತಾಮ್ರ ಮತ್ತು ಮೆಗ್ನೀಸಿಯಂ ಸೇರಿದ ಮಿಶ್ರಲೋಹ. ಇಂಗ್ಲೆಂಡಿನಲ್ಲಿ ಅದನ್ನು ಮಝಾಕ್ ಎನ್ನುತ್ತಾರೆ, ನಾವು ಝಮಾಕ್ ಎನ್ನುತ್ತೇವೆ. ಇದರಲ್ಲಿ ಅಲ್ಯೂಮಿನಿಯಂ ನೂರಕ್ಕೆ ನಾಲ್ಕು ಭಾಗದಷ್ಟು ಇರುತ್ತದೆ, ಆದರೆ ಸೀಸ ನೂರಕ್ಕೆ 0.005 ಭಾಗವನ್ನು ಮೀರಬಾರದೆಂಬುದು ಇಂದಿನ ಕಟ್ಟುನಿಟ್ಟಿನ ಮಿತಿ. ಮಿತಿ ಮೀರಿದರೆ ಲೋಹದ ಹರಳುಗಳ ನಡುವಿನ ಗೆರೆಗಳಲ್ಲಿ ಕೊರೆತ ಶುರುವಾಗಿ, ವರ್ಷಗಳು ಕಳೆದಂತೆ ಎರಕ ಉಬ್ಬುತ್ತದೆ, ಬಾಗುತ್ತದೆ, ಕೂದಲೆಳೆಯಂಥ ಬಿರುಕು ಬಿಡುತ್ತದೆ, ಕೊನೆಗೆ ಬೆರಳಿನ ಒತ್ತಡಕ್ಕೇ ಪುಡಿಯಾಗುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಡಿಂಕಿಗಳಲ್ಲಿ ಈ ರೋಗ ವ್ಯಾಪಕವಾಗಿದೆ. ಅದೇ ಕಾರ್ಖಾನೆಯಲ್ಲಿ ಗೊಂಬೆಗಳಿಗಾಗಿ ಸೀಸವನ್ನೂ ಕರಗಿಸುತ್ತಿದ್ದರೆಂಬುದನ್ನು ನೆನೆದರೆ ಬೆರಕೆಗೆ ದಾರಿ ಎಲ್ಲಿತ್ತೆಂದು ಊಹಿಸುವುದು ಕಷ್ಟವಲ್ಲ. ಪ್ಲಾಟ್‌ಫಾರ್ಮಿನ ಮನುಷ್ಯರಿಗೆ ಒಡಲು ಕೊಟ್ಟ ಲೋಹವೇ ಅವರ ಬಂಡಿಗಳಿಗೆ ವಿಷವಾಯಿತು.

ಈ ರೋಗಕ್ಕೆ ಮದ್ದಿಲ್ಲ. ಅಂಟಿನಿಂದ ಬಿರುಕು ಮುಚ್ಚಬಹುದು, ಒಳಗಿನ ಕೊರೆತ ನಿಲ್ಲುವುದಿಲ್ಲ. ಆದರೆ ಇದು ಒಂದು ಕಾರಿನಿಂದ ಇನ್ನೊಂದಕ್ಕೆ ಹರಡುವುದೂ ಇಲ್ಲ. ಹರಡುತ್ತದೆಂಬ ಭಯದಿಂದ ಒಳ್ಳೆಯ ವಾಹನಗಳನ್ನು ಮಾರಿಕೊಂಡವರನ್ನು ನಾನು ಬಲ್ಲೆ, ಅದು ನಿಷ್ಕಾರಣ ನಷ್ಟ. ಎರಕ ಹೊಯ್ದ ದಿನ ಲೋಹದಲ್ಲಿ ಏನಿತ್ತೋ ಅದೇ ಅದರ ಆಯುಸ್ಸನ್ನು ತೀರ್ಮಾನಿಸುತ್ತದೆ, ಸೆಕೆ ಮತ್ತು ತೇವ ಆ ಗತಿಯನ್ನು ವೇಗಗೊಳಿಸುತ್ತವೆ. ಆದ್ದರಿಂದ ವಾಹನವನ್ನು ಕೈಗೆತ್ತಿಕೊಂಡೊಡನೆ ನಾನು ಬಣ್ಣವನ್ನು ನೋಡದೆ ಅದನ್ನು ಗಾಜಿನ ಮೇಲೆ ನಿಲ್ಲಿಸುತ್ತೇನೆ. ನಾಲ್ಕು ಚಕ್ರಗಳೂ ಗಾಜನ್ನು ಮುಟ್ಟದಿದ್ದರೆ, ಆಕ್ಸಲ್ ಬಾಗದೆಯೂ ಹಾಗಾಗಿದ್ದರೆ, ಒಡಲು ತಿರುಚಿಕೊಂಡಿದೆ ಎಂದರ್ಥ. ಆಮೇಲೆ ಪಕ್ಕದ ದೀಪದ ಬೆಳಕಿನಲ್ಲಿ ಬಾನೆಟ್ಟಿನ ಮೇಲೆ, ಚಕ್ರದ ಕಮಾನುಗಳ ಸುತ್ತ ಬಿರುಕು ಹುಡುಕುತ್ತೇನೆ. ತಗಡಿನ ತಳವಿದ್ದರೆ ಅದರ ಅಂಚಿಗೂ ಒಡಲಿಗೂ ನಡುವೆ ಸಂದು ಒಂದೇ ಸಮನಾಗಿದೆಯೇ ಎಂದು ನೋಡುತ್ತೇನೆ, ಏಕೆಂದರೆ ತಗಡು ಉಬ್ಬುವುದಿಲ್ಲ, ಎರಕ ಉಬ್ಬುತ್ತದೆ.

ಕಾಲವನ್ನು ಗುರುತಿಸಲು ಚಕ್ರಗಳು ನೆರವಾಗುತ್ತವೆ. ಯುದ್ಧಪೂರ್ವದ ಡಿಂಕಿಗಳ ಚಕ್ರದ ಬಟ್ಟಲು ನುಣುಪಾಗಿರುತ್ತದೆ, ಆಕ್ಸಲ್ ಸಣಕಲು. ಯುದ್ಧಾನಂತರದವುಗಳಲ್ಲಿ ಬಟ್ಟಲಿನ ನಡುವೆ ಉಬ್ಬು ಮೂಡಿದೆ, ಆಕ್ಸಲ್ ದಪ್ಪವಾಗಿದೆ. ಕಿಟಕಿಗೆ ಪ್ಲಾಸ್ಟಿಕ್ ಗಾಜು ಇದ್ದರೆ ಅದು 1950ರ ದಶಕದ ಉತ್ತರಾರ್ಧಕ್ಕಿಂತ ಹಳೆಯದಲ್ಲ. 1956ರಲ್ಲಿ ಕಾರ್ಗಿ ಕಂಪನಿ ಗಾಜಿನ ಕಿಟಕಿಗಳೊಂದಿಗೆ ಬಂದ ಮೇಲೆಯೇ ಡಿಂಕಿ ಅದನ್ನು ಅನುಸರಿಸಿದ್ದು. ಮತ್ತೆ ಬಣ್ಣ ಬಳಿದದ್ದನ್ನು ತಳದ ರಿವೆಟ್ಟುಗಳು ಹೇಳುತ್ತವೆ. ಬಣ್ಣ ತೆಗೆಯಲು ಕಾರನ್ನು ಬಿಚ್ಚಬೇಕು, ಬಿಚ್ಚಲು ರಿವೆಟ್ಟನ್ನು ಕೊರೆಯಬೇಕು; ಆ ತಲೆಯ ಮೇಲೆ ಹೊಸ ಲೋಹದ ಹೊಳಪು, ಅಂಟು ಅಥವಾ ಸ್ಕ್ರೂ ಕಂಡರೆ ಉಳಿದದ್ದೆಲ್ಲ ಅನುಮಾನಾಸ್ಪದ. ನಾನು ಯಾವ ವಾಹನಕ್ಕೂ ಹೊಸ ಬಣ್ಣ ಬಳಿಯುವುದಿಲ್ಲ. ಮಗುವೊಂದು ಸಿಮೆಂಟ್ ನೆಲದ ಮೇಲೆ ಉಜ್ಜಿ ಉಜ್ಜಿ ಸವೆಸಿದ ಮಡ್‌ಗಾರ್ಡ್ ಆ ವಸ್ತುವಿನ ಚರಿತ್ರೆಯ ಭಾಗ, ಅದನ್ನು ಅಳಿಸುವ ಹಕ್ಕು ನನಗಿಲ್ಲವೆಂದೇ ನಂಬಿದ್ದೇನೆ. ಟೈರುಗಳನ್ನು ಮಾತ್ರ ಬದಲಿಸುತ್ತೇನೆ, ಏಕೆಂದರೆ ಹಳೆಯ ರಬ್ಬರು ಗಟ್ಟಿಯಾಗಿ ಒಡೆದುಹೋಗುತ್ತದೆ. ತೆಗೆದ ಮೂಲ ಟೈರುಗಳನ್ನು ಹೆಸರು ಬರೆದ ಪೊಟ್ಟಣದಲ್ಲಿ ಆ ವಾಹನದ ಜೊತೆಗೇ ಇಡುತ್ತೇನೆ.

ಗೊಂಬೆಗಳ ಆರೈಕೆ ಬೇರೆ ಬಗೆಯದು, ಹೆಚ್ಚು ನಾಜೂಕಿನದು. ಸೀಸಕ್ಕೆ ಶತ್ರು ಆಮ್ಲದ ಆವಿ. ಮರ, ಪ್ಲೈವುಡ್, ಎಂಡಿಎಫ್ ಹಲಗೆ, ಅಗ್ಗದ ರಟ್ಟು, ಪೂರ್ತಿ ಒಣಗದ ಬಣ್ಣ ಇವೆಲ್ಲ ಮುಚ್ಚಿದ ಜಾಗದಲ್ಲಿ ಸಣ್ಣ ಪ್ರಮಾಣದಲ್ಲಿ ಅಸಿಟಿಕ್, ಫಾರ್ಮಿಕ್ ಆಮ್ಲಗಳನ್ನು ಬಿಡುತ್ತವೆ. ಅವು ಸೀಸವನ್ನು ತಿಂದು ಬಿಳಿಯ ಪುಡಿಯಾಗಿಸುತ್ತವೆ. ಗೊಂಬೆಯ ಬಣ್ಣ ಅಲ್ಲಲ್ಲಿ ಗುಳ್ಳೆಯೆದ್ದು ಕೆಳಗೆ ಸುಣ್ಣದಂಥ ಪುಡಿ ಕಾಣಿಸಿದರೆ ಕಪಾಟನ್ನೇ ಬದಲಿಸಬೇಕು. ಹೆಮ್ಮೆಯಿಂದ ಮಾಡಿಸಿದ ಮರದ ಗಾಜಿನ ಬೀರುವಿಗಿಂತ ಸಾಧಾರಣ ಉಕ್ಕಿನ ಚೌಕಟ್ಟಿನ ಗಾಜಿನ ಪೆಟ್ಟಿಗೆ ಇವಕ್ಕೆ ಎಷ್ಟೋ ಮೇಲು. ಒಳಗೆ ಸಿಲಿಕಾ ಜೆಲ್ ಪೊಟ್ಟಣಗಳೂ ಒಂದು ಪುಟ್ಟ ತೇವಮಾಪಕವೂ ಇರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೊಟ್ಟಣಗಳನ್ನು ಒಲೆಯಲ್ಲಿ ಒಣಗಿಸಿ ಮತ್ತೆ ಮತ್ತೆ ಬದಲಿಸುತ್ತೇನೆ. ಮಲೆನಾಡಿನಲ್ಲಿರುವವರು ಇದನ್ನು ಇನ್ನೂ ಕಟ್ಟುನಿಟ್ಟಾಗಿ ಪಾಲಿಸಬೇಕಾಗುತ್ತದೆ. ಧೂಳನ್ನು ಮೆತ್ತನೆಯ ಒಣ ಕುಂಚದಿಂದಷ್ಟೇ ತೆಗೆಯುತ್ತೇನೆ. ಹುಣಸೆಹಣ್ಣು, ನಿಂಬೆ, ವಿನಿಗರ್ ಮೊದಲಾದ ಮನೆಮದ್ದುಗಳು ಹಿತ್ತಾಳೆಗೆ ಸರಿ, ಸೀಸದ ಹತ್ತಿರಕ್ಕೂ ತರಬಾರದು. ಮುಟ್ಟಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಯಬೇಕು, ಮಕ್ಕಳ ಕೈಗೆ ಇವನ್ನು ಕೊಡಲೇಬಾರದು. ಆಟಿಕೆಯೆಂಬ ಹೆಸರಿಗೆ ಮರುಳಾಗಿ ಈ ವಿಷಯದಲ್ಲಿ ಸಡಿಲವಾಗುವುದನ್ನು ನಾನು ಒಪ್ಪುವುದಿಲ್ಲ.

ಯುದ್ಧದ ಮೊದಲಿನ ಗೊಂಬೆಗಳಿಗೂ ನಂತರದವುಗಳಿಗೂ ಎತ್ತರದಲ್ಲಿ ವ್ಯತ್ಯಾಸವಿದೆ; ನಂತರದವು ತುಸು ಗಿಡ್ಡ. ಎರಡನ್ನೂ ಒಂದೇ ಪ್ಲಾಟ್‌ಫಾರ್ಮಿನಲ್ಲಿ ಬೆರೆಸಿದರೆ ಕಣ್ಣಿಗೆ ಹಿಡಿಸುವುದಿಲ್ಲವಾದ್ದರಿಂದ ನಾನು ಎರಡು ಬೇರೆ ತಟ್ಟುಗಳನ್ನು ಮಾಡಿದ್ದೇನೆ. ಮೇಲಿನದರಲ್ಲಿ 1930ರ ದಶಕ, ಕೆಳಗಿನದರಲ್ಲಿ 1950ರ ದಶಕ. ಇನ್ನೂ ಚಿಕ್ಕ ಪ್ರಮಾಣಗಳಿಗೆ ಮೂರನೆಯ ತಟ್ಟು ಇದೆ. ‘ಎಚ್‌ಓ’ ಎಂದರೆ ‘ಓ’ದ ಅರ್ಧ, ಅಡಿಗೆ ಮೂರೂವರೆ ಮಿಲಿಮೀಟರು, ಇಂಗ್ಲೆಂಡಿನ ‘ಓಓ’ ಅದೇ 16.5 ಮಿಲಿಮೀಟರಿನ ಹಳಿಯ ಮೇಲೆ ಓಡಿದರೂ ಅಡಿಗೆ ನಾಲ್ಕು ಮಿಲಿಮೀಟರಿನ ಲೆಕ್ಕದ್ದು. ಇದರಿಂದ ಜರ್ಮನಿಯ ಪ್ರೈಸರ್ ಕಂಪನಿಯ, ಕೈಯಿಂದ ಬಣ್ಣ ಹಚ್ಚಿದ ಇಪ್ಪತ್ತು ಮಿಲಿಮೀಟರಿನ ಸೊಗಸಾದ ಜನರು ಹಾರ್ನ್‌ಬಿಯ ‘ಓಓ’ ಮಾಲಿಕೆಯಾದ ಹಾರ್ನ್‌ಬಿ-ಡಬ್ಲೋ ರೈಲಿನ ಪಕ್ಕ ನಿಂತರೆ ಹದಿಹರೆಯದವರಂತೆ ಕಾಣುತ್ತಾರೆ. ಡಬ್ಲೋ ರೈಲಿಗೆ ಹೊಂದುವ ವಾಹನ ಬೇಕೆಂದರೆ 1957ರಲ್ಲಿ ಆರಂಭವಾದ ಡಬ್ಲೋ ಡಿಂಕಿಗಳನ್ನೇ ಹುಡುಕಬೇಕು. ಅಂಗೈಯ ಒಂದು ಬೆರಳಿನಷ್ಟಿರುವ ಅವುಗಳಲ್ಲಿ ರಾಯಲ್ ಮೇಲ್ ವ್ಯಾನು ನನಗೆ ತುಂಬಾ ಪ್ರಿಯವಾದದ್ದು. ಈ ಚಿಕ್ಕ ಪ್ರಮಾಣದಲ್ಲಿ ರೈಲೂ ರಸ್ತೆಯೂ ಊರೂ ಕೂಡಿದಾಗ ಹೇಗಿರುತ್ತದೆಂದು ನೋಡಬಯಸುವವರು ಪುಣೆಯಲ್ಲಿರುವ ಜೋಶಿಯವರ ಕಿರುರೈಲು ವಸ್ತುಸಂಗ್ರಹಾಲಯಕ್ಕೆ ಹೋಗಬೇಕು.

ನಮ್ಮ ದೇಶದ ಒಂದು ಅಧ್ಯಾಯವನ್ನು ಹೊರದೇಶದ ಸಂಗ್ರಾಹಕರು ನಮಗಿಂತ ಮೊದಲು ಗುರುತಿಸಿದರು. 1960ರ ದಶಕದ ಕೊನೆಯಲ್ಲಿ ಡಿಂಕಿಯ ಕೆಲವು ಹಳೆಯ ಅಚ್ಚುಗಳು ಕಲ್ಕತ್ತೆಗೆ ಬಂದು, ಅಲ್ಲಿ ‘ನಿಕಿ ಟಾಯ್ಸ್’ ಎಂಬ ಹೆಸರಿನಲ್ಲಿ ವಾಹನಗಳು ತಯಾರಾದವು. ಡಿಂಕಿಯ ಅಟ್ಲಾಸ್ ಮಿನಿಬಸ್ಸು ಇಲ್ಲಿ ಸ್ಟ್ಯಾಂಡರ್ಡ್ 20 ಆಯಿತು, ಏಕೆಂದರೆ ಆ ಬಂಡಿ ನಿಜವಾಗಿಯೂ ನಮ್ಮಲ್ಲಿ ಆ ಹೆಸರಿನಿಂದ ಓಡುತ್ತಿತ್ತು. ಅಚ್ಚು ಸವೆದಿದ್ದರಿಂದ ಗೆರೆಗಳು ಮಂದವಾಗಿವೆ, ಬಣ್ಣ ದಪ್ಪವಾಗಿದೆ, ಅಂಚುಗಳಲ್ಲಿ ಎರಕದ ಚಿಗುರು, ಅಂದರೆ ಅಚ್ಚಿನ ಸಂದಿನಿಂದ ಹೊರಬಂದ ಲೋಹದ ತೆಳು ಪದರ, ಹಾಗೇ ಉಳಿದಿದೆ. ಒಬ್ಬ ಎರಕದವನಾಗಿ ನಾನು ಅವುಗಳನ್ನು ಗೌರವದಿಂದ ನೋಡುತ್ತೇನೆ: ಸವೆದ ಅಚ್ಚಿನಿಂದ ಪೂರ್ತಿ ತುಂಬಿದ ಒಡಲನ್ನು ತೆಗೆಯುವುದು ಹೊಸ ಅಚ್ಚಿನಿಂದ ತೆಗೆಯುವುದಕ್ಕಿಂತ ಕಷ್ಟ. ಭಾನುವಾರದ ಸಂತೆಯಲ್ಲಿ ತಳದಲ್ಲಿ ‘ಮೇಡ್ ಇನ್ ಇಂಡಿಯಾ’ ಎಂದಿರುವ ಭಾರವಾದ ಹಳೆಯ ಕಾರು ಕಂಡರೆ ಓದುಗರು ಅದನ್ನು ನಕಲೆಂದು ತಳ್ಳಿಹಾಕಬಾರದು.

ಸದ್ಯ ನಾನು ಹುಡುಕುತ್ತಿರುವುದು 1935ರ ಮೆಕ್ಯಾನಿಕಲ್ ಹಾರ್ಸ್ ಎಂಬ ಮೂರು ಚಕ್ರದ ರೈಲ್ವೆ ಬಂಡಿಯನ್ನು, ಬ್ರಿಟನ್ನಿನ ನಾಲ್ಕು ರೈಲ್ವೆ ಕಂಪನಿಗಳ ಬಣ್ಣಗಳಲ್ಲಿ ಬಂದ ಅದರ ಟ್ರೇಲರ್ ಸಹಿತ. ಮೇಲಿನ ತಟ್ಟಿನಲ್ಲಿ ಸ್ಟೇಷನ್ ಮಾಸ್ಟರ್, ಗಾರ್ಡ್, ಟಿಕೆಟ್ ಕಲೆಕ್ಟರ್, ಚೀಲ ಹಿಡಿದ ಹಮಾಲಿ ಎಲ್ಲರೂ ಇದ್ದಾರೆ, ಸರಕು ಒಯ್ಯುವ ಬಂಡಿಯೊಂದೇ ಇಲ್ಲ. ಹರಾಜಿಗೆ ಬಂದವುಗಳ ಚಿತ್ರಗಳಲ್ಲಿ ನಾನು ನೋಡಿದವೆಲ್ಲ ಒಂದಲ್ಲ ಒಂದು ಕಡೆ ಉಬ್ಬಿದ್ದವು ಅಥವಾ ಬಿರುಕು ಬಿಟ್ಟಿದ್ದವು. ಗಾಜಿನ ಮೇಲೆ ನೆಟ್ಟಗೆ ನಿಲ್ಲುವ ಒಂದು ಬಂಡಿ ಸಿಕ್ಕರೆ, ಅದರ ಬಣ್ಣ ಅರ್ಧ ಉದುರಿದ್ದರೂ ನಾನು ಕೊಳ್ಳುತ್ತೇನೆ.