ಅವ್ವನ ಹಾಲಿನ ಲೆಕ್ಕದ ಕೆಳಗೆ ನನ್ನ ಮೂರು ಅಕ್ಷರ

ವಿಜಯಪುರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ. ಝೆರಾಕ್ಸ್, ಪ್ರಿಂಟ್, ಬೈಂಡಿಂಗ್, ಆನ್‌ಲೈನ್ ಅರ್ಜಿ ತುಂಬೋದು, ಇಷ್ಟೇ ಕೆಲಸ. ಬೆಳಗ್ಗೆ ಒಂಬತ್ತಕ್ಕೆ ಕೂತರೆ ರಾತ್ರಿ ಒಂಬತ್ತರವರೆಗೆ ಅದೇ ಖುರ್ಚಿ. ನಡುವೆ ಏಳೆಂಟು ಚಹಾ. ನಲವತ್ತೊಂದನೇ ವಯಸ್ಸಿಗೆ ಡಾಕ್ಟರು ಬಿಪಿ ನೋಡಿ 150, 96 ಅಂದರು. ದಿನಾ ಒಂದು ಗುಳಿಗೆ ಬರೆದುಕೊಟ್ಟರು, ಬೆಳಗ್ಗೆ ಎದ್ದು ನಡೀರಿ ಅಂದರು.

ಹೊಸ ವರ್ಷ ಹತ್ತಿರವಿತ್ತು. ಫೋನಿಗೆ ಹ್ಯಾಬಿಟ್ ಟ್ರ್ಯಾಕರ್ ಆ್ಯಪ್ ಹಾಕಿಕೊಂಡೆ. ಹುರುಪು ನೋಡಿ, ಒಮ್ಮೆಗೇ ಹನ್ನೊಂದು ಅಭ್ಯಾಸ ಸೇರಿಸಿದೆ. ನಡಿಗೆ, ಗುಳಿಗೆ, ಎಂಟು ಲೋಟ ನೀರು, ಪ್ರಾಣಾಯಾಮ, ಹತ್ತು ಪುಟ ಓದು, ಸಕ್ಕರೆ ಇಲ್ಲದ ಚಹಾ, ಹತ್ತೂವರೆಗೆ ನಿದ್ದೆ. ಉಳಿದ ನಾಲ್ಕು ಯಾವುವು ಅಂತ ಈಗ ನೆನಪೇ ಇಲ್ಲ.

ಟಿಕ್ ಒತ್ತಿದರೆ ಒಂದು ಬೆಂಕಿಯ ಚಿತ್ರ, ಅದರ ಪಕ್ಕ ಅಂಕಿ. ಐದು, ಆರು, ಏಳು. ಅದು ಏರೋದನ್ನು ನೋಡೋಕೆ ಖುಷಿ. ಎರಡನೇ ವಾರದ ಹೊತ್ತಿಗೆ ನಾನು ಆ ಅಂಕಿಯ ಆಳಾಗಿಬಿಟ್ಟಿದ್ದೆ. ಒಂದು ರಾತ್ರಿ 11:50ಕ್ಕೆ ಮಲಗಿದ್ದಾಗ ನಡಿಗೆ ಬಾಕಿ ಇದೆ ಅಂತ ಫೋನ್ ಗುಯ್‌ಗುಟ್ಟಿತು. ಎದ್ದು ಮಾಳಿಗೆಗೆ ಹೋಗಿ ನೀರಿನ ಟಾಕಿಯ ಸುತ್ತ ಹತ್ತು ಸುತ್ತು ಹಾಕಿದೆ. ಕೆಳಗೆ ಬಂದು ಟಿಕ್ ಒತ್ತಿದೆ. ಬಾಕಿ ಉಳಿದಿದ್ದ ಮೂರು ಲೋಟ ನೀರನ್ನೂ ಗಟಗಟ ಕುಡಿದೆ. ಬೆಳಗಾಗುವುದರೊಳಗೆ ಮೂರು ಸಲ ಎದ್ದೆ. ಹತ್ತೂವರೆಗೆ ನಿದ್ದೆ ಅನ್ನೋದಕ್ಕೆ ಮಾತ್ರ ಸಂಜೆಯೇ ಟಿಕ್ ಒತ್ತಿಟ್ಟಿದ್ದೆ!

ಸಂಕ್ರಮಣ ಬಂತು, ಸಿದ್ಧೇಶ್ವರ ಜಾತ್ರೆ ಬಂತು. ಮನೆ ತುಂಬ ಬೀಗರು. ಎರಡು ದಿನ ಆ್ಯಪ್ ತೆರೆಯಲಿಲ್ಲ. ಮೂರನೇ ದಿನ ನೋಡಿದರೆ 13 ಇದ್ದಲ್ಲಿ ಸೊನ್ನೆ. ಹದಿಮೂರು ದಿನ ನಾನು ನಡೆದೇ ಇಲ್ಲವೇನೋ ಅನ್ನೋ ಹಾಗೆ. ಸಿಟ್ಟಿಗೆ ಆ್ಯಪ್ ಕಿತ್ತು ಹಾಕಿದೆ. ಅದರ ಜೊತೆ ನಡಿಗೆಯೂ ಹೋಯಿತು. ನಮ್ಮೂರ ಬಾರಾಕಮಾನ್ ನೋಡಿದ್ದೀರಲ್ಲ, ಎರಡನೇ ಅಲಿ ಆದಿಲ್‌ಶಾನ ಗೋರಿ? ಕಮಾನು ಎದ್ದಿವೆ, ಮೇಲೆ ಗುಮ್ಮಟವೇ ಇಲ್ಲ. ನನ್ನದೂ ಹಾಗೇ ಆಯಿತು.

ನಮ್ಮ ಅಡುಗೆಮನೆ ಬಾಗಿಲ ಪಕ್ಕದ ಮೊಳೆಗೆ ಬಂಗಾರದಂಗಡಿಯವರು ಕೊಟ್ಟ ಕ್ಯಾಲೆಂಡರ್ ತೂಗಿರುತ್ತದೆ. ಅದರಲ್ಲಿ ಅವ್ವ ಪೆನ್ಸಿಲ್ಲಿನಿಂದ ಹಾಲಿನ ಲೆಕ್ಕ ಬರೆಯುತ್ತಾಳೆ. ಒಂದು ಲೀಟರ್ ಬಂದರೆ 1, ಒಂದೂವರೆ ಬಂದರೆ 1½, ಹಾಲಿನವ ಬರದಿದ್ದರೆ 0. ಗ್ಯಾಸ್ ಸಿಲಿಂಡರ್ ಬದಲಿಸಿದ ದಿನಕ್ಕೆ ಒಂದು ಸುತ್ತು, ನಳ ಬಂದ ದಿನಕ್ಕೆ ಒಂದು ಚುಕ್ಕಿ. ನಾನು ಸಣ್ಣವನಿದ್ದಾಗಿನಿಂದಲೂ ಇದೇ ಪದ್ಧತಿ.

ಫೆಬ್ರುವರಿಯಲ್ಲಿ ಒಮ್ಮೆ ಹಾಲಿನವ ಎರಡು ದಿನ ಬರಲಿಲ್ಲ. ಅವ್ವ ಎರಡು ಸೊನ್ನೆ ಬರೆದಳು. ಮೂರನೇ ದಿನ 1 ಬರೆಯುತ್ತಿದ್ದಳು. ನಾನು ಚಹಾ ಕುಡಿಯುತ್ತಾ ಕೇಳಿದೆ: "ಎರಡ ದಿನಾ ತಪ್ಪಿಸ್ಯಾನಲ್ಲವಾ, ಅಂವಗ ಏನೂ ಅನ್ನಂಗಿಲ್ಲೇನು?"

"ಏನ್ ಅನ್ನೂದೈತಿ? ಎಮ್ಮಿಗಿ ಜಡ್ಡಾಗಿತ್ತಂತ. ಬರ್ಲಿಲ್ಲ, ಸೊನ್ನಿ. ಬಂದ, ಒಂದು. ತಿಂಗಳಿಗಿ ಕೂಡಿಸಿದ್ರ ಆತು."

ಅವಳಿಗೆ ಅದು ಬರೀ ಲೆಕ್ಕ. ಆ ಸೊನ್ನೆಯಿಂದ ಹಿಂದಿನ ಒಂದುಗಳು ಅಳಿಸಿ ಹೋಗುವುದಿಲ್ಲ. ನಾನು ಆ್ಯಪಿನಲ್ಲಿ ಬರೆಸಿದ್ದು ಲೆಕ್ಕ ಅಲ್ಲ, ಪರೀಕ್ಷೆ. ಅವತ್ತೇ ಒಂದು ಕೆಂಪು ಪೆನ್ನು ತಗೊಂಡು ಅವ್ವನ ಕ್ಯಾಲೆಂಡರಿಗೆ ಕೈ ಹಾಕಿದೆ.

ಶುರುವಿನಲ್ಲೇ ಎಡವಟ್ಟಾಯಿತು. ನಡೆದ ದಿನ ಹಾಲಿನ ಅಂಕಿಯ ಪಕ್ಕ ಒಂದು ಸಣ್ಣ ಗೆರೆ ಎಳೆಯುತ್ತಿದ್ದೆ. ಅವ್ವನಿಗೆ ಕಣ್ಣು ಸ್ವಲ್ಪ ಮಂಜು. ತಿಂಗಳ ಕೊನೆಗೆ ನನ್ನ ಗೆರೆಗಳನ್ನೂ ಒಂದೊಂದು ಲೀಟರ್ ಅಂತ ಕೂಡಿಸಿ, ಹಾಲಿನವನಿಗೆ ಒಂಬತ್ತು ಲೀಟರ್ ದುಡ್ಡು ಜಾಸ್ತಿ ಎಣಿಸಿ ಕೊಟ್ಟಳು. ಆತ ಒಳ್ಳೆಯವ. "ಅವ್ವಾರ, ಇಷ್ಟ ಹಾಲು ನಾ ಕೊಟ್ಟೇ ಇಲ್ರಿ" ಅಂತ ವಾಪಸ್ ಕೊಟ್ಟ. ಅವ್ವ ನನಗೆ ಬೈದು ಗಡಿ ಹಾಕಿದಳು: ಚೌಕದ ಮೇಲಿನ ಅರ್ಧ ಅವಳದು, ಕೆಳಗಿನ ಅರ್ಧ ನನ್ನದು. ಆ ಅರ್ಧದಲ್ಲಿ ತಿಥಿ, ನಕ್ಷತ್ರವೆಲ್ಲ ಅಚ್ಚಾಗಿರುತ್ತವೆ. ಹನ್ನೊಂದು ಅಭ್ಯಾಸಕ್ಕೆ ಜಾಗವೇ ಇಲ್ಲ. ಮೂರೇ ಅಕ್ಷರ ಹಿಡಿಸಿದವು. ನಡಿಗೆಗೆ ನ, ಗುಳಿಗೆಗೆ ಗು, ಅಂಗಡಿಯ ದಿನದ ಲೆಕ್ಕ ಬರೆದು ಮುಗಿಸಿದ್ದಕ್ಕೆ ಲೆ. ಜಾಗ ಇಲ್ಲದ್ದು ಒಳ್ಳೆಯದೇ ಆಯಿತು ಅನ್ನಿ.

ಪೆನ್ನನ್ನು ದಾರ ಕಟ್ಟಿ ಅದೇ ಮೊಳೆಗೆ ತೂಗಿಬಿಟ್ಟೆ, ಇಲ್ಲದಿದ್ದರೆ ಮಗಳು ಶಾಲೆಗೆ ಒಯ್ಯುತ್ತಾಳೆ. ಕೈಗೆ ಪೆನ್ನು ಸಿಗದಿದ್ದರೆ ಆಮೇಲೆ ಬರೆದರಾಯ್ತು ಅನಿಸುತ್ತೆ, ಆಮೇಲೆ ಅನ್ನೋದು ಬರೋದೇ ಇಲ್ಲ. ಅವತ್ತಿನದು ಅವತ್ತೇ ಬರೆಯಬೇಕು, ಹಿಂದಿನ ಚೌಕ ತುಂಬೋ ಹಾಗಿಲ್ಲ ಅಂತ ಒಂದು ನಿಯಮ ಮಾಡಿಕೊಂಡೆ. ಇನ್ನೊಂದು, ಚಪ್ಪಲಿ ಮೆಟ್ಟಿ ಓಣಿಯ ತುದಿ ಮುಟ್ಟಿದರೂ ಅದು ನ. ಮೋಸ ಅನಿಸಬಹುದು. ಆದರೆ ಓಣಿ ದಾಟಿದ ಮೇಲೆ ಸುಮ್ನೆ ಯಾರು ತಿರುಗಿ ಬರುತ್ತಾರೆ? ಹೆಚ್ಚಿನ ದಿನ ಗೋಳಗುಮ್ಮಟದ ಗೇಟಿನವರೆಗೆ ಹೋಗಿಯೇ ಬರುತ್ತೇನೆ. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಹಾಗಾಗಿ ಐದೂವರೆಗೇ ಹೊರಡಬೇಕು.

ನಿಜವಾದ ಉಪಯೋಗ ತಿಳಿದಿದ್ದು ಏಪ್ರಿಲ್ ಕೊನೆಗೆ. ಹಾಳೆ ತಿರುವುವ ಮುಂಚೆ ನಿಂತು ನೋಡಿದೆ. ನ ಇಲ್ಲದ ಚೌಕ ಎಂಟು. ನಾನು ಸೋಮಾರಿ ಅಂತ ಬೈದುಕೊಳ್ಳೋದರಲ್ಲಿದ್ದೆ. ಆಗ ಅವ್ವನ ಚುಕ್ಕಿಗಳು ಕಣ್ಣಿಗೆ ಬಿದ್ದವು. ಎಂಟರಲ್ಲಿ ಆರು ಚೌಕದಲ್ಲಿ ಚುಕ್ಕಿ ಇತ್ತು. ಅಂದರೆ ನಳ ಬಂದ ದಿನ. ನಮ್ಮ ಓಣಿಗೆ ಆಗ ನಾಲ್ಕೈದು ದಿನಕ್ಕೊಮ್ಮೆ ನಸುಕಿನಲ್ಲಿ ನೀರು ಬಿಡುತ್ತಿದ್ದರು. ಮೋಟರ್ ಹಚ್ಚಿ, ಟಾಕಿ ತುಂಬಿ, ಕೊಡ ತುಂಬಿ ಮುಗಿಸುವ ಹೊತ್ತಿಗೆ ಏಳು ಗಂಟೆ. ಇದರಲ್ಲಿ ಸೋಮಾರಿತನ ಎಲ್ಲಿ ಬಂತು? ನಳ ಬಂದ ದಿನ ಅಂಗಡಿಗೆ ಬೈಕ್ ಬಿಟ್ಟು ನಡೆದು ಹೋಗೋದು ಅಂತ ಮಾಡಿದೆ. ಮುಂದಿನ ತಿಂಗಳು ಆ ಚೌಕಗಳಲ್ಲೂ ಚುಕ್ಕಿಯ ಕೆಳಗೆ ನ ಬಂತು. ಆ್ಯಪಿಗೆ ನಳದ ಸಂಗತಿ ಗೊತ್ತಿರಲಿಲ್ಲ ಪಾಪ.

ಆಮೇಲೆ ಗು ನೋಡಿದೆ. ತಪ್ಪಿದ್ದೆಲ್ಲ ಸೋಮವಾರ. ಹೆಂಡತಿಯನ್ನು ಕೇಳಿದರೆ ಅವಳು ನಕ್ಕಳು. "ಸೋಮವಾರ ನಾ ಒಪ್ಪತ್ತ ಇರ್ತೀನಲ್ರಿ. ಮುಂಜಾನೆ ರೊಟ್ಟಿ ಬಡಿಯಂಗಿಲ್ಲ. ನೀವು ಚುರಮರಿ ತಿಂದು ಓಡ್ತೀರಿ." ಗುಳಿಗೆಯ ಡಬ್ಬಿ ಇರುತ್ತಿದ್ದದ್ದು ರೊಟ್ಟಿ ಬುಟ್ಟಿಯ ಪಕ್ಕ. ಬುಟ್ಟಿಗೆ ಕೈ ಹೋಗದ ದಿನ ಗುಳಿಗೆಯೂ ಇಲ್ಲ. ನನ್ನ ಗುಳಿಗೆಯನ್ನು ನಾಷ್ಟಾಕ್ಕೆ ಮುಂಚೆ ತಗೋಬಹುದಾ ಅಂತ ಡಾಕ್ಟರನ್ನು ಕೇಳಿದೆ, ಆಗಬಹುದು ಅಂದರು. ಡಬ್ಬಿ ಚಹಾಪುಡಿಯ ಪಕ್ಕಕ್ಕೆ ಬಂತು. ಚಹಾ ನಾನು ಸೋಮವಾರವೂ ಬಿಡೋದಿಲ್ಲ.

ಕಾಡಿದ್ದು ಲೆ. ಅಂಗಡಿಯ ನಗದು, ಫೋನ್‌ಪೇ, ಕಾಗದದ ಖರ್ಚು, ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಆದರೆ ಎರಡು ತಿಂಗಳಾದರೂ ದಿನಾ ಬೇಕಂತಲೇ ನೆನಪಿಸಿಕೊಳ್ಳಬೇಕಿತ್ತು. 21 ದಿನ ಮಾಡಿದರೆ ಅಭ್ಯಾಸ ಆಗುತ್ತೆ ಅಂತ ಎಲ್ಲರೂ ಹೇಳುತ್ತಾರಲ್ಲ, ನನಗ್ಯಾಕೆ ಆಗ್ತಿಲ್ಲ ಅನ್ನೋ ಚಿಂತೆ. ಆ ಹೊತ್ತಿಗೆ ಒಬ್ಬ ಹುಡುಗಿ ತನ್ನ ಪ್ರಬಂಧದ ಪ್ರಿಂಟ್ ತೆಗೆಸಲು ಬಂದಳು. ಗಿರಾಕಿಗಳ ಕಾಗದ ಓದೋದು ನಮ್ಮ ಧಂದೆಯ ಕೆಟ್ಟ ಚಟ. ಬಿಸಿ ಹಾಳೆ ಹೊರಗೆ ಬರುತ್ತಿದ್ದಂತೆ ಓದಿದೆ. ಆ 21ರ ಮೂಲ 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಬರೆದ ಮಾತು. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ರೂಢಿಯಾಗಲು ಕಡಿಮೆ ಅಂದರೂ 21 ದಿನ ಬೇಕು ಅಂತ. ಆ "ಕಡಿಮೆ ಅಂದರೂ" ಅನ್ನೋದು ದಾರಿಯಲ್ಲೇ ಉದುರಿ ಹೋಗಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 84 ದಿನ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಅದರಲ್ಲಿತ್ತು. ಒಂದು ಕೆಲಸ ತಾನಾಗಿ ಆಗುವಷ್ಟು ರೂಢಿಯಾಗಲು ಕೆಲವರಿಗೆ 18 ದಿನ, ಕೆಲವರಿಗೆ ಅಂದಾಜು 254 ದಿನ, ನಡುವಿನ ಅಂಕಿ 66. ಒಂದು ದಿನ ತಪ್ಪಿದರೆ ಅಂಥಾ ಫರಕು ಬೀಳೋದಿಲ್ಲ ಅಂತಲೂ ಇತ್ತು. ಇದನ್ನು ಅವ್ವ ಮೊದಲೇ ಹೇಳಿದ್ದಳು, ಎಮ್ಮೆಯ ಲೆಕ್ಕದಲ್ಲಿ. ಹುಡುಗಿಗೆ ಎರಡು ಹಾಳೆ ಕಪ್ಪಾಗಿ ಬಂದಿದ್ದವು, ಓದುತ್ತಾ ನಿಂತಿದ್ದಕ್ಕೆ. ಪುಕ್ಕಟೆ ತೆಗೆದುಕೊಟ್ಟೆ.

ಲೆ ದಾರಿಗೆ ಬಂದಿದ್ದು ಹೊತ್ತು ಬದಲಿಸಿದ ಮೇಲೆ. ಮೊದಲು ಶಟರ್ ಎಳೆಯುವ ಮುಂಚೆ ಬರೆಯುತ್ತಿದ್ದೆ. ಆಗ ಮನೆಗೆ ಓಡುವ ಅವಸರ. ಈಗ ಎಂಟೂವರೆಗೆ ದೊಡ್ಡ ಮಷಿನ್ ಬಂದ್ ಮಾಡುತ್ತೇನೆ. ಅದರ ಫ್ಯಾನು ಗುಂಯ್ ಅಂತ ಒಂದಷ್ಟು ಹೊತ್ತು ತಿರುಗಿ ನಿಲ್ಲುತ್ತದೆ. ಆ ಸದ್ದು ಶುರುವಾದರೆ ವಹಿ ತೆಗೆಯಬೇಕು, ಅಷ್ಟೇ. ಈಗ ಕೈ ತಾನೇ ಹೋಗುತ್ತದೆ. ಜೂನಿನ ಅಡ್ಮಿಷನ್ ದಿನಗಳಲ್ಲಿ ಮಾತ್ರ ಅದೂ ನಡೆಯೋದಿಲ್ಲ. ಆ ವಾರದ ಮೇಲೆ ಅಡ್ಡಲಾಗಿ "ಸೀಜನ್" ಅಂತ ಬರೆದು ಬಿಟ್ಟುಬಿಡುತ್ತೇನೆ.

ಆ್ಯಪ್ ಕೆಟ್ಟದ್ದು ಅನ್ನೋದಿಲ್ಲ. ಹೆಂಡತಿಯ ತಮ್ಮ ಬೆಳಗಾವಿಯಲ್ಲಿ ರೂಮು ಮಾಡಿಕೊಂಡಿದ್ದಾನೆ, ವರ್ಷದಿಂದ ಆ್ಯಪಿನಲ್ಲೇ ಬರೆಯುತ್ತಾನೆ, ಚೆನ್ನಾಗಿ ನಡೆದಿದೆ. ಒಬ್ಬನೇ ಇರುವವನಿಗೆ ಅದು ಸರಿ. ನನಗೆ ಫೋನ್ ಕೈಗೆ ಬಂದರೆ ಟಿಕ್ ಒತ್ತೋದಕ್ಕೆ ಮುಂಚೆ ವಾಟ್ಸಾಪಿನಲ್ಲಿ ಇಪ್ಪತ್ತು ನಿಮಿಷ ಹೋಗುತ್ತದೆ.

ಬಿಪಿ ಈಗ 130ರ ಆಸುಪಾಸು. ಯುಗಾದಿಯಿಂದ ನಾಲ್ಕನೇ ಅಕ್ಷರ ಸೇರಿಸಿದ್ದೇನೆ, ಓದಿಗೆ ಓ. ಇಲ್ಲಿವರೆಗೆ ಒಂಬತ್ತು ಸಲ ಬರೆದಿದ್ದೇನೆ. ಖಾಲಿ ಚೌಕಗಳನ್ನು ಎಷ್ಟು ನೋಡಿದರೂ ನಳವೂ ಕಾಣುತ್ತಿಲ್ಲ, ಸೋಮವಾರವೂ ಕಾಣುತ್ತಿಲ್ಲ. ಮೊನ್ನೆ ಹಾಗೆ ನೋಡುತ್ತಾ ನಿಂತಿದ್ದಾಗ ಅವ್ವ ಹಾಲಿನ ಪಾತ್ರೆ ಹಿಡಿದು ಬಂದಳು. "ಸರಿ ತಮ್ಮಾ, ನಾ ಬರೀಬೇಕು" ಅಂದಳು. 1½ ಬರೆದು, ನನ್ನ ಅರ್ಧವನ್ನೂ ಒಮ್ಮೆ ನೋಡಿದಳು. "ಉಂಡ ಕೂಡ್ಲೆ ಟೀವಿ ಮುಂದ ಕುಂತ್ರ ಓ ಎಲ್ಲಿಂದ ಬರತೈತಿ?"