ಹೆಲ್ಮೆಟ್ ಕೊಟ್ಟರೆ ಮುಗಿಯಲಿಲ್ಲ: ಕಟ್ಟಡ ಕಾಮಗಾರಿಯಲ್ಲಿ ಸುರಕ್ಷತೆಯ ಹೊಣೆ ಹೊರುವುದು ಹೇಗೆ?

ಕಟ್ಟಡದ ಕೆಲಸದಲ್ಲಿ ಯಾರಾದರೂ ಮೇಲಿಂದ ಬಿದ್ದರೆ ಮೊದಲು ಕೇಳಿಬರುವುದು ‘ಬೆಲ್ಟ್ ಹಾಕಿಕೊಂಡಿದ್ದನಾ?’ ಎಂಬ ಪ್ರಶ್ನೆ. ತಡೆಗಂಬಿಯೇ ಇಲ್ಲದ ಅಂಚಿಗೆ ಅವನನ್ನು ಕಳಿಸಿದ್ದು ಯಾರು ಎಂದು ಕೇಳುವವರು ಕಡಿಮೆ. ಬಿದ್ದವನಿಗಿಂತ ಮೊದಲು ಉತ್ತರ ಹೇಳಬೇಕಾದವರು ಕೆಲಸ ಮಾಡಿಸುವ ಮಾಲೀಕರು, ನಕ್ಷೆ ಬರೆದವರು ಮತ್ತು ಗುತ್ತಿಗೆ ಹಿಡಿದವರು. ನೀವು ಕಾಮಗಾರಿಯೊಂದರ ಉಸ್ತುವಾರಿ ವಹಿಸಿಕೊಳ್ಳುತ್ತಿದ್ದರೆ, ಪಾಯ ತೋಡುವ ಮೊದಲೇ ಈ ಹೊಣೆಯನ್ನು ಹಂಚಬೇಕು.

ಮೊದಲು ಹೆಸರು ಬರೆಯಿರಿ

‘ಸುರಕ್ಷತೆ ಎಲ್ಲರ ಜವಾಬ್ದಾರಿ’ ಎಂಬ ಫಲಕ ಬಹಳ ಸೈಟುಗಳಲ್ಲಿ ಕಾಣುತ್ತದೆ. ಎಲ್ಲರದು ಎಂದರೆ ಕೊನೆಗೆ ಯಾರದೂ ಅಲ್ಲ. ಸಾರವೆ ಪರೀಕ್ಷಿಸುವವರು ಯಾರು, ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹೊತ್ತು ನಿಲ್ಲುವ ಅಚ್ಚು ಮತ್ತು ಆಸರೆ) ಬಿಚ್ಚಲು ಒಪ್ಪಿಗೆ ಕೊಡುವವರು ಯಾರು, ವಿದ್ಯುತ್ ಸಂಪರ್ಕ ನೋಡಿಕೊಳ್ಳುವವರು ಯಾರು ಎಂಬುದನ್ನು ವ್ಯಕ್ತಿಯ ಹೆಸರಿನ ಸಮೇತ ಬರೆದಿಡಿ. ಅವರು ರಜೆ ಹಾಕಿದ ದಿನ ಆ ಕೆಲಸ ಯಾರದು ಎಂಬುದೂ ಅದರಲ್ಲಿರಲಿ.

ಒಂದೇ ಜಾಗದಲ್ಲಿ ನಾಲ್ಕಾರು ಉಪಗುತ್ತಿಗೆದಾರರು ಸೇರಿದಾಗ ತೊಂದರೆ ಹೆಚ್ಚು. ಒಬ್ಬರ ತಂಡ ಮೇಲೆ ವೆಲ್ಡಿಂಗ್ ಮಾಡುತ್ತಿದ್ದರೆ, ಇನ್ನೊಬ್ಬರ ತಂಡ ಅದರ ಕೆಳಗೇ ಬಣ್ಣ ಬಳಿಯುತ್ತಿರುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1988ರ ನಿರ್ಮಾಣ ಸುರಕ್ಷತಾ ಒಪ್ಪಂದ (ಸಂಖ್ಯೆ 167) ಇಂಥ ಕಡೆ ಸುರಕ್ಷತಾ ಕ್ರಮಗಳನ್ನು ಹೊಂದಿಸುವ ಹೊಣೆಯನ್ನು ಮುಖ್ಯ ಗುತ್ತಿಗೆದಾರರ ಮೇಲೆ ಅಥವಾ ಸೈಟಿನ ಮೇಲೆ ನಿಜವಾದ ಹಿಡಿತ ಇರುವವರ ಮೇಲೆ ಹಾಕುತ್ತದೆ. ಮಾಲೀಕರ ಪಾಲಿನ ಹೊಣೆಯನ್ನು ಎರಡೇ ಮಾತಿನಲ್ಲಿ ಹೇಳಬಹುದು: ಸಾಕಷ್ಟು ಸಮಯ ಕೊಡುವುದು, ಸಾಕಷ್ಟು ಹಣ ಕೊಡುವುದು. ಸಾರವೆಯ ಖರ್ಚನ್ನೇ ಸೇರಿಸದ ಟೆಂಡರ್ ಕಡಿಮೆ ಮೊತ್ತದ್ದೆಂದು ಒಪ್ಪಿಕೊಂಡರೆ, ಅಪಾಯಕ್ಕೆ ಅಲ್ಲೇ ಸಹಿ ಹಾಕಿದಂತೆ.

ನಕ್ಷೆಯಲ್ಲೇ ಅಪಾಯ ತೆಗೆಯಿರಿ

ಇದು ಎಲ್ಲಕ್ಕಿಂತ ಅಗ್ಗದ ಹಂತ, ಹೆಚ್ಚಿನವರು ಬಿಟ್ಟುಬಿಡುವ ಹಂತವೂ ಹೌದು. ತಾರಸಿಯ ಸುತ್ತ ಎದೆಮಟ್ಟದ ಗೋಡೆಯನ್ನು ನಕ್ಷೆಯಲ್ಲೇ ಕೊಟ್ಟರೆ, ಮುಂದೆ ನೀರಿನ ಟ್ಯಾಂಕ್ ತೊಳೆಯಲು ಹತ್ತುವವರಿಗೂ ಅದೇ ರಕ್ಷಣೆ. ಉಕ್ಕಿನ ಚೌಕಟ್ಟನ್ನು ನೆಲದ ಮೇಲೆ ಜೋಡಿಸಿ ಕ್ರೇನಿನಿಂದ ಎತ್ತಿ ಕೂರಿಸುವಂತಿದ್ದರೆ ಎತ್ತರದಲ್ಲಿ ಮಾಡುವ ಕೆಲಸವೇ ಕಡಿಮೆಯಾಗುತ್ತದೆ. ಆರ್ಕಿಟೆಕ್ಟ್ ಮತ್ತು ಎಂಜಿನಿಯರ್ ಜೊತೆ ಕೂತು, ‘ಇದನ್ನು ಕಟ್ಟುವವನು ಎಲ್ಲಿ ನಿಲ್ಲುತ್ತಾನೆ?’ ಎಂದು ಪ್ರತಿ ಹಾಳೆಗೂ ಕೇಳಿ.

ಅಪಾಯವನ್ನು ಎದುರಿಸುವುದಕ್ಕೊಂದು ಕ್ರಮವಿದೆ. ಮೊದಲು ಅಪಾಯವನ್ನೇ ಇಲ್ಲವಾಗಿಸಬೇಕು. ಆಗದಿದ್ದರೆ ಕಡಿಮೆ ಅಪಾಯದ ವಿಧಾನಕ್ಕೆ ಬದಲಾಯಿಸಬೇಕು, ಅದಾದ ಮೇಲೆ ತಡೆಗಂಬಿ, ಬಲೆಗಳಂಥ ಅಡ್ಡಿ ಕಟ್ಟಬೇಕು, ಆಮೇಲೆ ನಿಯಮ ಮತ್ತು ತರಬೇತಿ. ಹೆಲ್ಮೆಟ್, ಬೆಲ್ಟ್ ಬರುವುದು ಕಟ್ಟಕಡೆಗೆ.

ಬೆಲ್ಟ್ ಏಕೆ ಕೊನೆಗೆ ಎಂಬುದಕ್ಕೆ ಒಂದು ಲೆಕ್ಕ ನೋಡಿ. ಬೆಲ್ಟನ್ನು ಕಟ್ಟಡಕ್ಕೆ ಸಿಕ್ಕಿಸುವ ಹಗ್ಗ ಸುಮಾರು 1.8 ಮೀಟರ್ ಇರುತ್ತದೆ. ಬಿದ್ದ ಹೊಡೆತ ತಡೆಯುವ ಪಟ್ಟಿ ಬಿಚ್ಚಿಕೊಂಡರೆ ಇನ್ನೊಂದು ಮೀಟರ್‌ನಷ್ಟು ಉದ್ದವಾಗುತ್ತದೆ. ಅದಕ್ಕೆ ಮನುಷ್ಯನ ಎತ್ತರ ಮತ್ತು ಸ್ವಲ್ಪ ಅಂತರ ಸೇರಿಸಿದರೆ, ಹಗ್ಗ ಸಿಕ್ಕಿಸಿದ ಜಾಗದಿಂದ ಕೆಳಗೆ ಐದೂವರೆ ಮೀಟರ್‌ನಷ್ಟು ಖಾಲಿ ಜಾಗ ಬೇಕು. ಮೂರು ಮೀಟರ್ ಎತ್ತರದ ಮಹಡಿಯ ಅಂಚಿನಲ್ಲಿ ಕಾಲಬುಡಕ್ಕೆ ಹಗ್ಗ ಸಿಕ್ಕಿಸಿಕೊಂಡವನು ಹಗ್ಗ ಬಿಗಿಯಾಗುವ ಮೊದಲೇ ನೆಲ ಮುಟ್ಟಿರುತ್ತಾನೆ. ಇಂಥ ಕಡೆ ತಡೆಗಂಬಿಯೇ ಬೇಕು.

ಕಾಂಕ್ರೀಟ್ ಮತ್ತು ಮಣ್ಣಿನ ವಿಷಯದಲ್ಲಿ ಆತುರ ಬೇಡ

1978ರ ಏಪ್ರಿಲ್ 27ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದ ವಿಲೋ ಐಲ್ಯಾಂಡಿನಲ್ಲಿ, ವಿದ್ಯುತ್ ಸ್ಥಾವರವೊಂದರ ಕೂಲಿಂಗ್ ಟವರ್ (ಬಿಸಿ ನೀರನ್ನು ತಣಿಸುವ ಗೋಪುರ) ಕಟ್ಟುತ್ತಿದ್ದಾಗ ಸಾರವೆ ಕುಸಿದು 51 ಕಾರ್ಮಿಕರು ಸತ್ತರು. ಆ ಸಾರವೆ ನೆಲದಿಂದ ಎದ್ದದ್ದಲ್ಲ, ಗೋಪುರದ ಗೋಡೆಗೇ ಬಿಗಿದದ್ದು. ಹಿಂದಿನ ದಿನ ಹಾಕಿದ ಕಾಂಕ್ರೀಟ್ ಇನ್ನೂ ಗಟ್ಟಿಯಾಗಿರಲಿಲ್ಲ, ಅಷ್ಟರಲ್ಲಿ ಅದರ ಮೇಲೆ ಮುಂದಿನ ಹಂತದ ಭಾರ ಬಿತ್ತು.

ಇದರಿಂದ ನಿಮ್ಮ ಯೋಜನೆಗೆ ತೆಗೆದುಕೊಳ್ಳಬೇಕಾದ ಹಂತ ಇದು. ಸೆಂಟ್ರಿಂಗ್ ಬಿಚ್ಚುವುದಕ್ಕೂ ಹೊಸ ಕಾಂಕ್ರೀಟಿನ ಮೇಲೆ ಭಾರ ಹೇರುವುದಕ್ಕೂ ದಿನದ ಎಣಿಕೆಯೊಂದೇ ಸಾಲದು. ಚಳಿಯಿದ್ದರೆ ಕಾಂಕ್ರೀಟ್ ನಿಧಾನವಾಗಿ ಬಲಿಯುತ್ತದೆ. ಕ್ಯೂಬ್ ಪರೀಕ್ಷೆಯ (ಅದೇ ಕಾಂಕ್ರೀಟಿನ ಮಾದರಿ ತುಂಡನ್ನು ಒತ್ತಿ ಬಲ ಅಳೆಯುವ ಪರೀಕ್ಷೆ) ಫಲಿತಾಂಶ ನೋಡಿ ಎಂಜಿನಿಯರ್ ಸಹಿ ಹಾಕುವವರೆಗೆ ಯಾರೂ ಒಂದು ಜಾಕ್ ಕೂಡ ಸಡಿಲಿಸಬಾರದು. ವೇಳಾಪಟ್ಟಿಯಲ್ಲಿ ಈ ಕಾಯುವ ದಿನಗಳಿಗೆ ಜಾಗ ಬಿಡಿ, ಇಲ್ಲದಿದ್ದರೆ ಮೇಸ್ತ್ರಿಯ ಮೇಲೆ ಒತ್ತಡ ಬಿದ್ದೇ ಬೀಳುತ್ತದೆ.

ಅಗೆತದ ಗುಂಡಿಯೂ ಹೀಗೇ ಮೋಸ ಮಾಡುತ್ತದೆ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ ಅಥವಾ ಅದಕ್ಕಿಂತ ಹೆಚ್ಚು ತೂಗುತ್ತದೆ. ಎದೆಯವರೆಗೆ ಹೂತುಹೋದವನ ತಲೆ ಹೊರಗಿದ್ದರೂ ಉಸಿರಾಡಲು ಆಗುವುದಿಲ್ಲ. ಗೋಡೆಗಳನ್ನು ಇಳಿಜಾರಾಗಿ ಕತ್ತರಿಸಿ, ಇಲ್ಲವೇ ಹಲಗೆ, ಜಾಕ್‌ಗಳ ಆಸರೆ ಕೊಡಿ. ಅಗೆದ ಮಣ್ಣನ್ನು ಅಂಚಿನಲ್ಲೇ ರಾಶಿ ಹಾಕಬೇಡಿ, ಲಾರಿಯನ್ನು ಹತ್ತಿರ ನಿಲ್ಲಿಸಬೇಡಿ. ಮಳೆ ಬಂದು ನಿಂತ ಮೇಲೆ ಬಲ್ಲವರೊಬ್ಬರು ನೋಡದೆ ಯಾರನ್ನೂ ಇಳಿಸಬೇಡಿ. ಕುಸಿದರೆ ಉಳಿದವರು ಕಾಪಾಡಲು ಹಾರುವುದು ಸಹಜ, ಅವರ ಮೇಲೂ ಮಣ್ಣು ಬೀಳುತ್ತದೆ.

ನಿಧಾನವಾಗಿ ಕೊಲ್ಲುವುದನ್ನೂ ಲೆಕ್ಕಕ್ಕೆ ಹಿಡಿಯಿರಿ

ಕಲ್ಲು, ಟೈಲ್ಸ್, ಕಾಂಕ್ರೀಟ್ ಕತ್ತರಿಸುವಾಗ ಏಳುವ ಸಿಲಿಕಾ ಧೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಗೆ ಗುಣಪಡಿಸುವ ಮದ್ದಿಲ್ಲ. ಅಪಘಾತದ ಪುಸ್ತಕದಲ್ಲಿ ಇದು ದಾಖಲಾಗುವುದೂ ಇಲ್ಲ, ಏಕೆಂದರೆ ಕೆಮ್ಮು ಕಾಣಿಸುವ ಹೊತ್ತಿಗೆ ಕಟ್ಟಡ ಮುಗಿದು ವರ್ಷಗಳೇ ಆಗಿರುತ್ತವೆ. ನೀರು ಹಾಯಿಸಿಕೊಂಡೇ ಕತ್ತರಿಸಬೇಕು, ಗುಡಿಸುವ ಬದಲು ಒದ್ದೆ ಮಾಡಿ ತೆಗೆಯಬೇಕು. ಮೂಗಿಗೆ ಕಟ್ಟಿದ ಬಟ್ಟೆ ಈ ಧೂಳನ್ನು ತಡೆಯುವುದಿಲ್ಲ. ಹಳೆಯ ಕಟ್ಟಡ ಒಡೆಯುವುದಾದರೆ ಆಸ್ಬೆಸ್ಟಾಸ್ (ಉಸಿರಿನ ಜೊತೆ ಒಳಹೋದರೆ ಶ್ವಾಸಕೋಶ ಕೆಡಿಸುವ ನಾರು) ಇದೆಯೇ ಎಂದು ಮೊದಲೇ ತಪಾಸಣೆ ಮಾಡಿಸಿ. ಕುಡಿಯುವ ನೀರು, ಶೌಚಾಲಯ, ಬಿಸಿಲಿಗೆ ನೆರಳು ಇವೂ ಆರೋಗ್ಯದ ಹೊಣೆಯೇ.

ದಿನವೂ ಮಾಡಬೇಕಾದದ್ದು

ಬೆಳಿಗ್ಗೆ ಕೆಲಸಕ್ಕೆ ಮೊದಲು ಕೆಲವೇ ನಿಮಿಷ ಮಾತಾಡಿ. ಭಾಷಣ ಬೇಡ. ಇವತ್ತು ಏನು ಬದಲಾಗಿದೆ, ಯಾವ ಕಡೆ ಕ್ರೇನ್ ತಿರುಗುತ್ತದೆ, ಯಾವ ಗುಂಡಿ ತೆರೆದಿದೆ ಎಂದಷ್ಟೇ, ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಹೇಳಿ. ಆ ದಿನವೇ ಸೇರಿದವರನ್ನು ಒಂಟಿಯಾಗಿ ಬಿಡಬೇಡಿ. ಸಾರವೆಯನ್ನು ವಾರಕ್ಕೊಮ್ಮೆಯಾದರೂ, ಜೋರು ಗಾಳಿ ಮಳೆಯಾದ ಮೇಲೆ ತಪ್ಪದೆ ಪರೀಕ್ಷಿಸಿ. ತಾತ್ಕಾಲಿಕ ವಿದ್ಯುತ್ ಲೈನಿಗೆ 30 ಮಿಲಿಆಂಪಿಯರ್‌ನಷ್ಟು ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವ ಸ್ವಿಚ್ ಕಡ್ಡಾಯವಾಗಿರಲಿ.

ಅಪಾಯ ಕಂಡ ಕಾರ್ಮಿಕ ಕೆಲಸ ನಿಲ್ಲಿಸಿ ಪಕ್ಕಕ್ಕೆ ಸರಿಯಬಹುದು. ಮೇಲೆ ಹೇಳಿದ ಒಪ್ಪಂದ ಆ ಹಕ್ಕನ್ನೂ ಮಾನ್ಯ ಮಾಡುತ್ತದೆ. ಹಾಗೆ ನಿಲ್ಲಿಸಿದವನ ಆ ದಿನದ ಕೂಲಿ ಕತ್ತರಿಸಿದರೆ ಮರುದಿನದಿಂದ ಯಾರೂ ಬಾಯಿ ಬಿಡುವುದಿಲ್ಲ. ಯಾರ ಮೇಲೂ ಬೀಳದೆ ಪಕ್ಕದಲ್ಲೇ ಬಿದ್ದ ಇಟ್ಟಿಗೆಯನ್ನೂ ಪುಸ್ತಕದಲ್ಲಿ ಬರೆಯಿರಿ, ಅದು ಎಲ್ಲಿಂದ ಜಾರಿತು ಎಂದು ಅದೇ ದಿನ ಹತ್ತಿ ನೋಡಿ.

ಕೆಲಸ ಮುಗಿದು ಕೀಲಿಕೈ ಒಪ್ಪಿಸುವಾಗ ಒಂದು ಕಡತವನ್ನೂ ಕೊಡಿ. ವಿದ್ಯುತ್ ತಂತಿ, ನೀರಿನ ಪೈಪುಗಳು ಗೋಡೆಯೊಳಗೆ ಎಲ್ಲಿ ಹೋಗಿವೆ, ಯಾವ ಗೋಡೆ ಭಾರ ಹೊತ್ತಿದೆ, ತಾರಸಿ ಎಷ್ಟು ತೂಕ ತಡೆಯುತ್ತದೆ ಎಂಬ ವಿವರ ಅದರಲ್ಲಿರಲಿ. ಮುಂದೆ ರಿಪೇರಿಗೆ ಬರುವವರು ಗೋಡೆ ಕೊರೆಯುವ ಮೊದಲು ಅದನ್ನು ತೆರೆದು ನೋಡಬೇಕಾಗುತ್ತದೆ.