ದುಂಡಕ್ಷರ ಕೆತ್ತುವ ಉಳಿಗೆ ಸಾಣೆ ಹಿಡಿಯುವ ಬಗೆ

ಬಾಗಲಕೋಟೆ, ವಿಜಯಪುರದ ಕಡೆ ಪತ್ತಾರರ ಬಳಿಗೆ ಕೆತ್ತನೆಗೆ ಬರುವ ಬೆಳ್ಳಿಯ ಕರಡಿಗೆ, ತಾಟು, ತಂಬಿಗೆಗಳ ಮೇಲೆ ಮೂಡಿಸಬೇಕಾಗುವುದು ಹೆಚ್ಚಾಗಿ ಕನ್ನಡದ ಹೆಸರುಗಳನ್ನೇ. ನಮ್ಮ ಅಕ್ಷರಗಳಲ್ಲಿ ನೇರ ಗೆರೆಗಿಂತ ಬಾಗು ಹೆಚ್ಚು. ಆದ್ದರಿಂದ ಉಳಿ ಹರಿತವಾಗಿದ್ದರಷ್ಟೇ ಸಾಲದು. ಅದರ ಕೋನಗಳೂ ಆ ಬಾಗಿಗೆ ಒಗ್ಗುವಂತಿರಬೇಕು.

ಚೌಕದ ಉಳಿಯನ್ನು ಮೂಲೆ ಕೆಳಗೆ ಮಾಡಿ ಹಿಡಿದಾಗ, ಮೇಲಿನಿಂದ ಮೊನೆಗೆ ಇಳಿಯುವ ಇಳಿಜಾರನ್ನು ಮುಖವೆಂದೂ, ಮೊನೆಯ ಅಡಿಯಲ್ಲಿ ಎರಡೂ ಬದಿಗೆ ಸವೆಸುವ ಕಿರಿದಾದ ಜಾಗವನ್ನು ಹಿಮ್ಮಡಿಯೆಂದೂ ಇಲ್ಲಿ ಕರೆಯುತ್ತೇನೆ. ಬೆಳ್ಳಿ, ತಾಮ್ರಗಳಿಗೆ ಮುಖ 45 ಡಿಗ್ರಿ ಇದ್ದರೆ ಸಾಕು. ಉಕ್ಕಿನ ಮೇಲೆ ಕೆತ್ತುವುದಾದರೆ 50ರಿಂದ 55 ಬೇಕು. ಹಿಮ್ಮಡಿಯ ಏರು 15 ಡಿಗ್ರಿ ಇರಲಿ.

ಮುಖವನ್ನು ಬರಿಗೈಯಲ್ಲಿ ಸವೆಸಬೇಡಿ. ತೇಗದ ತುಂಡೊಂದನ್ನು 45 ಡಿಗ್ರಿಗೆ ಕೊಯ್ಸಿ, ಉಳಿಯ ಮೂಲೆ ಕೂರುವಂತೆ ಅದರಲ್ಲಿ ತೋಡು ಹೊಡೆಸಿಕೊಂಡರೆ ಕೈ ಅಲುಗಾಡುವುದಿಲ್ಲ. 600 ಗ್ರಿಟ್ಟಿನ ಡೈಮಂಡ್ ಕಲ್ಲಿನಿಂದ ತೊಡಗಿ 1200ಕ್ಕೆ ಬನ್ನಿ. ಮೋಟಾರಿನ ಸಾಣೆಯಲ್ಲಿ ಹಿಡಿಯುವುದಾದರೆ ಮತ್ತೆ ಮತ್ತೆ ನೀರಿಗೆ ಅದ್ದುತ್ತಿರಿ. ಕಾರ್ಬನ್ ಉಕ್ಕಿನ ಮೊನೆ ನೀಲಿಗೆ ತಿರುಗಿತೆಂದರೆ ಹದ ಹೋಯಿತೆಂದೇ ತಿಳಿದು ಅಷ್ಟು ಭಾಗವನ್ನು ಸವೆಸಿ ತೆಗೆಯಬೇಕು.

ಹೆಚ್ಚಿನವರು ತಪ್ಪುವುದು ಹಿಮ್ಮಡಿಯಲ್ಲಿ. ಉಳಿಯ ಒಂದು ಬದಿಯನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ಇಟ್ಟು ಬಾಲವನ್ನು 15 ಡಿಗ್ರಿ ಎತ್ತಿ ಸವೆಸಿ, ಇನ್ನೊಂದು ಬದಿಗೂ ಹಾಗೆಯೇ ಮಾಡಿದರೆ, ಎರಡೂ ಕೂಡುವ ಅಡಿಯ ಗೆರೆ 15ರ ಬದಲು ಸುಮಾರು 21 ಡಿಗ್ರಿ ಏರಿರುತ್ತದೆ. ಕೆತ್ತುವಾಗ ಕೈಗೆ ಸಿಗುವುದು ಈ ಗೆರೆಯ ಏರೇ. ಅದು 15 ಆಗಬೇಕಾದರೆ ಪ್ರತಿ ಬದಿಯನ್ನೂ ಸುಮಾರು 11 ಡಿಗ್ರಿ ಮಾತ್ರ ಎತ್ತಬೇಕು. ಅಳತೆಯಲ್ಲಿ ಹೇಳುವುದಾದರೆ, ಮೊನೆಯಿಂದ 80 ಮಿಲಿಮೀಟರ್ ಹಿಂದೆ ಉಳಿಯ ಅಡಿಭಾಗವು ಕಲ್ಲಿನ ಮೇಲ್ಮೈಯಿಂದ 15 ಮಿಲಿಮೀಟರ್ ಎತ್ತರದಲ್ಲಿರಬೇಕು. ಆ ಎತ್ತರದ ಮರದ ಪಟ್ಟಿಯನ್ನು ಕಲ್ಲಿಗೆ ಸಮಾನಾಂತರವಾಗಿ ಇಟ್ಟು, ಬಾಲವನ್ನು ಅದರ ಮೇಲೆ ಜಾರಿಸುತ್ತ ಸವೆಸಿದರೆ ಕೋನ ಕೆಡುವುದಿಲ್ಲ.

ಹಿಮ್ಮಡಿಯ ಉದ್ದವೂ ಅಷ್ಟೇ ಮುಖ್ಯ. ಕಲಿಯುವ ದಿನಗಳಲ್ಲಿ ನಾನು ಅದನ್ನು ಒಂದು ಮಿಲಿಮೀಟರಿನಷ್ಟು ಬಿಟ್ಟುಕೊಂಡು ಕರಡಿಗೆಯೊಂದರ ಮೇಲೆ ‘ರ’ ಕೆತ್ತಿದಾಗ, ದುಂಡಿನ ಹೊರ ಅಂಚಿನುದ್ದಕ್ಕೂ ಮಬ್ಬಾದ ಗೀರು ಬಿದ್ದಿತ್ತು. ಮೊನೆ ತಿರುಗಿದರೂ ಉದ್ದದ ಹಿಮ್ಮಡಿ ಅದರ ಹಿಂದೆ ತಿರುಗಲಾರದೆ ಹೊರಗೋಡೆಯನ್ನು ಉಜ್ಜಿತ್ತು. ಸಣ್ಣ ದುಂಡಕ್ಷರಗಳಿಗೆ 0.3 ಮಿಲಿಮೀಟರ್ ಸಾಕೆಂಬುದು ನನ್ನ ಅನುಭವ. ಅಂಚುಪಟ್ಟಿಯ ನೇರ ಗೆರೆಗೆ ಉದ್ದನೆಯದೇ ಒಳ್ಳೆಯದು, ಉಳಿ ಅತ್ತಿತ್ತ ಸರಿಯುವುದಿಲ್ಲ. 1200ರ ಕಲ್ಲಿನಲ್ಲಿ ಪ್ರತಿ ಬದಿಗೆ ಮೂರೋ ನಾಲ್ಕೋ ಸಲ ಎಳೆದು, ಭೂತಗನ್ನಡಿಯಲ್ಲಿ ಎರಡೂ ಸಮನಾಗಿವೆಯೇ ಎಂದು ನೋಡಿ.

ಕೊನೆಗೆ ಹಿಮ್ಮಡಿಗೂ ಮುಖಕ್ಕೂ ಅರ್ಧ ಮೈಕ್ರಾನಿನ ಡೈಮಂಡ್ ಪೇಸ್ಟಿನಿಂದ ಹೊಳಪು ಕೊಡಿ, ಏಕೆಂದರೆ ಹಿಮ್ಮಡಿಯ ಹೊಳಪೇ ಬೆಳ್ಳಿಯ ಗೆರೆಗೆ ಇಳಿಯುತ್ತದೆ. ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಭಾರ ಹಾಕದೆ ಇಟ್ಟು ಮೆಲ್ಲಗೆ ಸರಿಸಿ; ಜಾರಿದರೆ ಮತ್ತೆ ಕಲ್ಲಿಗೆ, ಕಚ್ಚಿಕೊಂಡರೆ ತಾಮ್ರದ ತಗಡಿನ ಚೂರಿಗೆ. ಆ ಚೂರಿನ ಮೇಲೆ ಮೂರು ಮಿಲಿಮೀಟರಿನ ‘ರ’ ಕೆತ್ತಿ ನೋಡಿ, ಹೊರ ಅಂಚು ಗೀರಿಲ್ಲದೆ ಬಂದ ಮೇಲೆ ಕರಡಿಗೆಯನ್ನು ಕೈಗೆತ್ತಿಕೊಳ್ಳಿ.